ಅವ್ವನಿಗೆ ಮಾಡಿಕೊಟ್ಟ ಭಾಷೆ

ಕಳೆದ ವಾರ ಕೋಟುಮಚಗಿಗೆ ಹೋಗಿದ್ದೆ. ನಮ್ಮ ಶಾಲೆಯ ಗಣಿತದ ಮೇಡಂ ಊರು ಅದು. ಅವರ ಅತ್ತೆಗೆ ಹುಷಾರಿಲ್ಲವೆಂದು ಕೇಳಿ ಮಾತಾಡಿಸಿಕೊಂಡು ಬರಲು ಹೋದದ್ದು. ಹಿಂದಿನ ದಿನವೆಲ್ಲ ಮಳೆಯಾಗಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಹೊಸ್ತಿಲು ದಾಟಿದ್ದೇ ನೆನೆದ ಮಣ್ಣಿನ ಗೋಡೆಯ ವಾಸನೆ ಮೂಗಿಗೆ ಬಂತು. ಮೊದಲ ಮಳೆಗೆ ನೆಲದಿಂದ ಏಳುವ ಘಮವಲ್ಲ ಅದು. ಆ ಘಮವನ್ನು ಎಲ್ಲರೂ ಹೊಗಳುತ್ತಾರೆ. ಇದು ಬೇರೆ. ವಾರಗಟ್ಟಲೆ ಒಳಗೊಳಗೇ ನೀರು ಕುಡಿದು ಬಿಸಿಲು ಕಾಣದೆ ಹುಳಿತುಹೋದ ಮಣ್ಣಿನದು.

"ಬರ್ರಿ ಟೀಚರ, ಕುಂಡ್ರಿ" ಎಂದರು. ನನಗೆ ಕೂರಲಾಗಲಿಲ್ಲ. ಮೊದಲು ಗೋಡೆಗೆ ಅಂಗೈ ಒತ್ತಿ ನೋಡಿದೆ. ತಣ್ಣಗಿತ್ತು, ಆದರೆ ಗಟ್ಟಿಯಿತ್ತು.

"ಯಾಕ್ರಿ, ಏನರ ಹತ್ತೇತೇನ್ರಿ ಕೈಗೆ?"

"ಏನಿಲ್ರಿ" ಎಂದು ಗೋಡೆಯಿಂದ ದೂರ ಕುರ್ಚಿ ಎಳೆದುಕೊಂಡು ಕೂತೆ. ಚಹಾ ಕುಡಿದದ್ದು, ಅವರ ಅತ್ತೆಯ ಕೈ ಹಿಡಿದು ಮಾತಾಡಿದ್ದು ಯಾವುದೂ ಈಗ ಸರಿಯಾಗಿ ನೆನಪಿಲ್ಲ. ಗದಗಿನ ಬಸ್ಸು ಹತ್ತಿದ ಮೇಲೂ ತಲೆಯೊಳಗೆ ಬೆಟಗೇರಿಯ ಆ ಒಂದು ಮಳೆಗಾಲವೇ ಸುರಿಯುತ್ತಿತ್ತು.

ಆಗ ನಾವು ಬೆಟಗೇರಿಯ ನೇಕಾರರ ಓಣಿಯಲ್ಲಿ ಅಜ್ಜ ಕಟ್ಟಿಸಿದ ಮನೆಯಲ್ಲಿದ್ದೆವು. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಓಣಿಗೆ ತೆರೆದ ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗ. ಅಪ್ಪ ಬೆಳಿಗ್ಗೆ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಏಳುತ್ತಿದ್ದುದು ಊಟಕ್ಕೇ. ಅವ್ವ ಪಕ್ಕದಲ್ಲಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವಳು. ಅವಳ ಕೈಗಿಂತ ಬಾಯಿಯೇ ಚುರುಕು. ಓಣಿಯ ಜಗಳ, ಮುಂಡರಗಿ ಕಡೆಯ ತವರಿನ ಸುದ್ದಿ, ತೊಗರಿಬೇಳೆಯ ರೇಟು, ಎಲ್ಲವನ್ನೂ ಮಗ್ಗದ ಸಪ್ಪಳ ಮೀರಿಸುವ ದನಿಯಲ್ಲಿ ಹೇಳುತ್ತಿದ್ದಳು. ಅಪ್ಪ ಮಾತಿನ ಮನುಷ್ಯನಲ್ಲ. ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ ಅದೂ ಗೊತ್ತಾಗುತ್ತಿರಲಿಲ್ಲ. ತಮ್ಮ ಬಸು ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ಲತಾ, ಇನ್ನೂ ಶಾಲೆಗೆ ಹೋಗದ ಮಗಳು ಚಿನ್ನಿ, ಮತ್ತೆ ನಾನು. ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ನನಗೊಂದು ಹುಚ್ಚಿತ್ತು. ಇಲ್ಲದ ಭಾಷೆಗಳನ್ನು ಕಟ್ಟುವ ಹುಚ್ಚು. ಕಾಲೇಜಿನಲ್ಲಿ ಹಳಗನ್ನಡದ ವ್ಯಾಕರಣ ಓದುವಾಗ ಹಿಡಿದದ್ದು, ಬಿಡಲಿಲ್ಲ. ಬಸ್ಸಿನ ಕಿಟಕಿಗೆ ಒರಗಿ ಹೊಸ ಲಿಪಿ ಗೀಚುತ್ತಿದ್ದೆ. ಏಳು ವಿಭಕ್ತಿ ಯಾಕೆ, ಎರಡರಲ್ಲಿ ನಡೆಯುವುದಿಲ್ಲವೇ ಎಂದು ಲೆಕ್ಕ ಹಾಕುತ್ತಿದ್ದೆ. ಇದೇ ಹುಚ್ಚಿನವರ ಗುಂಪೊಂದು ಫೋನಿನಲ್ಲಿ ಸಿಕ್ಕಿತ್ತು. ಯಾವ ಯಾವುದೋ ದೇಶದವರು, ಒಬ್ಬರ ಭಾಷೆಯನ್ನು ಒಬ್ಬರು ತಿದ್ದುತ್ತಿದ್ದೆವು. ಆ ವರ್ಷ ನಾನು ಕಟ್ಟುತ್ತಿದ್ದುದು ಕಾಲವೇ ಇಲ್ಲದ ಭಾಷೆ. ಕನ್ನಡದಲ್ಲಿ ಕ್ರಿಯಾಪದ ಬಾಯಿಗೆ ಬಂದರೆ ಸಾಕು, ಜೊತೆಗೆ ಕಾಲವೂ ಬರುತ್ತದೆ. ಬಿದ್ದಿತು, ಬೀಳುತ್ತದೆ, ಬೀಳುವುದು. ನನ್ನ ಭಾಷೆಯಲ್ಲಿ ಬರೀ 'ಬೀಳು'. ಯಾವಾಗ ಎಂಬುದನ್ನು ಕೇಳುವವರು ಊಹಿಸಿಕೊಳ್ಳಬೇಕು. ಇದು ಬಹಳ ಚೆಂದ ಎಂದು ಗುಂಪಿನವರೆಲ್ಲ ಮೆಚ್ಚಿದ್ದರು.

"ಯಾರ ಮಾತಾಡ್ತಾರವ್ವಾ ಇದನ್ನ?" ಎಂದು ಅವ್ವ ನಗುತ್ತಿದ್ದಳು. "ಇರೋ ಮಾತ ಸಾಲವಲ್ಲವೇನ ನಿನಗ?"

ಕಾರಹುಣ್ಣಿಮೆ ಮುಗಿದ ವಾರವೇ ಅವಳಿಗೆ ಲಕ್ವಾ ಹೊಡೆಯಿತು. ರಾಟಿಯ ಮುಂದೆ ಕೂತು ಏನೋ ಹೇಳುತ್ತಿದ್ದವಳು ಅರ್ಧಕ್ಕೆ ನಿಂತಳು. ಅಪ್ಪ ತಿರುಗಿ ನೋಡಿದ್ದು ಅದಕ್ಕೇ. ಅವಳ ದನಿ ನಿಂತದ್ದು ಅವನಿಗೆ ಹೊಸದು. ಗದಗಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು.

"ಮಾತು ಒಳಗ ಐತ್ರಿ" ಎಂದರು ಡಾಕ್ಟರು. "ನೀವಂದದ್ದು ಅವರಿಗೆ ಬಹಳಷ್ಟು ತಿಳೀತೈತಿ. ಹೊರಗ ಬರೋ ದಾರಿ ಕೆಟ್ಟೈತಿ. ಬರೆಯೋ ದಾರೀನೂ ಕೆಟ್ಟೈತಿ."

ಮನೆಗೆ ಬಂದ ಮೇಲೆ ಪೇಪರ್ ಕೊಟ್ಟರೆ ತಲೆಕೆಳಗು ಹಿಡಿದು ನೋಡಿ ಕೆಳಗಿಟ್ಟಳು. ಅಕ್ಷರಗಳೆಲ್ಲ ಅವಳಿಗೆ ಇರುವೆ ಸಾಲಾಗಿದ್ದವು. ನೀರು ಬೇಕಾದರೂ 'ಆಂ... ಆಂ', ನೋವಾದರೂ 'ಆಂ... ಆಂ'. ನಮಗೆ ತಿಳಿಯದಾಗ ಎಡಗೈಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆ ಸದ್ದು ಕೇಳಿದರೆ ಅಪ್ಪನ ಮಗ್ಗ ತಪ್ಪುತ್ತಿತ್ತು.

ಹಾಗೆ ನನ್ನ ಹುಚ್ಚಿಗೆ ಕೆಲಸ ಬಂತು.

ಮೊದಲು ಮಾಡಿದ್ದು ಯಾವುದೂ ನಡೆಯಲಿಲ್ಲ. ಸದ್ದಿಗೊಂದು ಗುರುತು ಇಡುವ ಸರಳ ಲಿಪಿ ಮಾಡಿದೆ. ಗುರುತಿನಿಂದ ಸದ್ದಿಗೆ, ಸದ್ದಿನಿಂದ ಅರ್ಥಕ್ಕೆ ದಾಟುವ ಸೇತುವೆಯೇ ಅವಳಲ್ಲಿ ಮುರಿದಿತ್ತು. ಹಾಗಾಗಿ ಸದ್ದು ಬಿಟ್ಟು ನೇರ ಅರ್ಥಕ್ಕೇ ಗುರುತು ಬರೆದೆ. ಸೀರೆಯಂಚಿನ ನಕ್ಷೆಗೆ ಮಗ್ಗದ ಮೇಲೆ ತೂಗುಬಿಡುವ ತೂತಿನ ರಟ್ಟುಗಳು ಮನೆಯಲ್ಲಿ ಹಳೆಯವು ಬೇಕಾದಷ್ಟಿದ್ದವು. ಅವನ್ನು ಎರಡು ಬೆರಳಗಲ ಕತ್ತರಿಸಿ, ಹಿಂಬದಿಗೆ ಕಾಗದ ಅಂಟಿಸಿ, ಕಪ್ಪು ಬಣ್ಣದಲ್ಲಿ ಬರೆದೆ. ಒಂದೊಂದರಲ್ಲಿ ಮೂರು ನಾಲ್ಕು ಗೆರೆ ಮಾತ್ರ. ನೀರಿಗೂ ಹಾಲಿಗೂ ಹೋಲಿಕೆ ಬಂದದ್ದನ್ನು ಅವ್ವ ಎತ್ತಿ ಎಸೆದಳು. ನೋವಿಗೆ ನಾನು ಬರೆದ ಸುರುಳಿಯನ್ನು ಎಸೆದಳು. ಒಂದು ಚೂಪು ಗೆರೆ ಬರೆದೆ, ಇಟ್ಟುಕೊಂಡಳು. ನನ್ನ ಭಾಷೆಯನ್ನು ಅಷ್ಟು ನಿಷ್ಠುರವಾಗಿ ಯಾರೂ ತಿದ್ದಿರಲಿಲ್ಲ.

ವ್ಯಾಕರಣವನ್ನೂ ತೀರ ಸಣ್ಣದು ಮಾಡಿದೆ. ಅವ್ವನ ಮುಂದೆ ಹಿಟ್ಟು ಕಲಸುವ ಅಗಲ ತಟ್ಟೆ, ಪರಾತ, ಇಟ್ಟೆ. ಅದರಲ್ಲಿ ಎಡದಿಂದ ಬಲಕ್ಕೆ ಮೊದಲು ಯಾರು, ಆಮೇಲೆ ಏನು, ಕೊನೆಗೆ ಮಾಡುವ ಕೆಲಸ. ರಟ್ಟನ್ನು ಬೋರಲು ಹಾಕಿದರೆ 'ಇಲ್ಲ'. ಓರೆಯಾಗಿ ಇಟ್ಟರೆ ಪ್ರಶ್ನೆ. ಕಾಲ ಇಡಲಿಲ್ಲ. ಕೆಲಸದ ರಟ್ಟುಗಳನ್ನು ಕಲಿಯುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು, ಅದರ ಮೇಲೆ ಇನ್ನೊಂದು ಹೊರೆ ಯಾಕೆ ಎಂದುಕೊಂಡೆ.

ಆಷಾಢ ಮುಗಿಯುವ ಹೊತ್ತಿಗೆ ಅವ್ವ ಮಾತಾಡತೊಡಗಿದಳು. ಮೊದಲ ವಾಕ್ಯ ಲತಾಳಿಗೆ. 'ನೀನು, ಉಪ್ಪು' ಎಂದು ಇಟ್ಟು, 'ಹಾಕು' ಬೋರಲು ಹಾಕಿದಳು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಲತಾ ಪರಾತ ನೋಡಿ, ಸಾರಿನ ರುಚಿ ನೋಡಿ, ಬಾಗಿಲಿಗೆ ಆತುಕೊಂಡು ಅತ್ತೇಬಿಟ್ಟಳು. "ನಮ್ಮತ್ತಿ ಮತ್ತ ಬೈಯಾಕತ್ತಾಳ್ರಿ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಅಪ್ಪ ಮಾತ್ರ ರಟ್ಟು ಮುಟ್ಟಲಿಲ್ಲ. ದೂರದಿಂದ ನೋಡಿ ಮಗ್ಗಕ್ಕೆ ಮರಳುತ್ತಿದ್ದ.

ಶ್ರಾವಣಕ್ಕೆ ಹತ್ತಿದ ಮಳೆ ಆ ವರ್ಷ ನಿಲ್ಲಲೇ ಇಲ್ಲ. ನಮ್ಮ ಕಡೆ ಮಳೆಯೆಂದರೆ ಬಂದಷ್ಟೇ ಬೇಗ ಹೋಗುವ ನೆಂಟ. ಆ ವರ್ಷ ಮನೆಯಲ್ಲೇ ಕೂತುಬಿಟ್ಟಿತು. ಕಪ್ಪತಗುಡ್ಡ ತಿಂಗಳಿಡೀ ಮೋಡದಲ್ಲಿ ಮುಚ್ಚಿತ್ತು. ಹಾಸಿದ ನೂಲಿಗೆ ಹಚ್ಚಿದ ಗಂಜಿ ಒಣಗದೆ ಎಳೆ ಎಳೆಯೂ ಅಂಟುತ್ತಿತ್ತು, ಅಪ್ಪ ದಿನವಿಡೀ ಹರಿದ ಎಳೆ ಕೂಡಿಸುವುದೇ ಆಯಿತು. ಪಕ್ಕದ ಮನೆಯವರು ಬೇಸಿಗೆಯಲ್ಲಿ ಹಳೆಯ ಮನೆ ಕೆಡವಿ ಹೊಸದಕ್ಕೆ ಅಡಿಪಾಯ ತೋಡಿಸಿದ್ದರು. ಮಳೆಗೆ ಕೆಲಸ ನಿಂತಿತ್ತು.

ಆ ಜಾಗಕ್ಕೆ ಹತ್ತಿದ ಗೋಡೆಯ ಪಕ್ಕದಲ್ಲೇ, ನಡುವಿನ ಖೋಲಿಯಲ್ಲಿ ಅವ್ವನ ಹೊರಸು. ಚಿನ್ನಿ ಅಜ್ಜಿಯನ್ನು ಬಿಟ್ಟು ಮಲಗುತ್ತಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಅವಳು, ಇತ್ತ ಅವ್ವ. ಬೆಳಿಗ್ಗೆ ದಿಂಬಿನ ಮೇಲೆ ಸಣ್ಣ ಮಣ್ಣು ಉದುರಿರುತ್ತಿತ್ತು. ಗೆದ್ದಲು ಎಂದು ಲತಾ ಕೊಡವಿ, ಗೋಡೆಗೆ ಔಷಧಿ ಹೊಡೆದಳು. ಆ ಹುಳಿ ವಾಸನೆ ಆಗಲೇ ಶುರುವಾಗಿತ್ತು. ಮಳೆಗಾಲದಲ್ಲಿ ಯಾರ ಮನೆಯಲ್ಲಿ ವಾಸನೆ ಇರುವುದಿಲ್ಲ?

ಒಂದು ಸಂಜೆ ಶಾಲೆಯಿಂದ ಬಂದಾಗ ಅವ್ವ ಪರಾತದಲ್ಲಿ ಎರಡು ರಟ್ಟು ಇಟ್ಟುಕೊಂಡು ಕಾಯುತ್ತಿದ್ದಳು. ಗೋಡೆ. ಹುಡುಗಿ. ಎಡಗೈ ಬಿಗಿಯಾಗಿ ಮುಚ್ಚಿತ್ತು.

"ಕೈಯಾಗೇನವ್ವಾ? ಇಡು ಇಲ್ಲೆ" ಎಂದೆ. ಅವಳು ಇಡಲಿಲ್ಲ. ಒಳ್ಳೆಯ ಕೈಯೂ ಸೆಟೆಯಿತೇ ಎಂದು ಗಾಬರಿಯಾಯಿತು. ಒಂದೊಂದೇ ಬೆರಳು ಬಿಡಿಸಿದೆ. ಒಳಗೆ 'ಬೀಳು' ಇತ್ತು. ನಾನೇ ಪರಾತದ ತುದಿಗೆ ಇಟ್ಟೆ. ಗೋಡೆ, ಹುಡುಗಿ, ಬೀಳು. ಅವ್ವ ತಲೆ ಅಲ್ಲಾಡಿಸಿ ಅಳತೊಡಗಿದಳು.

ಚಿನ್ನಿ ಗೋಡೆ ಹತ್ತಿರ ಬಿದ್ದಿರಬೇಕು ಎಂದುಕೊಂಡು ಕರೆದು ಕೇಳಿದೆ. ಮೊಣಕಾಲು ನೋಡಿದೆ. "ನಾ ಬಿದ್ದಿಲ್ಲತ್ತಿ" ಎಂದಳು ಚಿನ್ನಿ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಆಕಿ ಚಿನ್ನೀದು ಹೇಳವಲ್ಲಳು" ಎಂದ. "ನಿಂಗವ್ವಂದು."

ನಿಂಗವ್ವ ಅವ್ವನ ಅಕ್ಕ. ತವರಿನಲ್ಲಿ, ಇಂಥದೇ ಜಡಿಮಳೆಯಲ್ಲಿ, ದನದ ಕೊಟ್ಟಿಗೆಯ ಗೋಡೆ ಬಿದ್ದು ಅದರಡಿ ಸಿಕ್ಕು ಸತ್ತವಳು. ಆಗ ಅವ್ವ ಚಿನ್ನಿಗಿಂತ ತುಸು ದೊಡ್ಡವಳು. ವರ್ಷಕ್ಕೊಮ್ಮೆಯಾದರೂ ಆ ಕತೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕ ಎಂಬುದಕ್ಕೆ ನಾನು ರಟ್ಟು ಮಾಡಿರಲಿಲ್ಲ. ಹುಡುಗಿ ಎಂದೇ ಹೇಳಬೇಕು. ಎಲ್ಲ ಸರಿಹೋಯಿತು. ಬಸು ಬಂದು ಅವ್ವನ ತಲೆ ನೇವರಿಸಿ, "ಹಳೇದೆಲ್ಲಾ ಯಾಕ ತಕ್ಕೊಂಡು ಕುಂತಿ, ಬಿಡವಾ" ಎಂದ. ಅವ್ವ ಅವನ ಕೈಯನ್ನು ತಳ್ಳಿದಳು.

ಮರುದಿನವೂ ಅದೇ ವಾಕ್ಯ, ಅದರ ಮರುದಿನವೂ. ಪ್ರತಿ ಸಲವೂ ಗೋಡೆ, ಹುಡುಗಿ ಪರಾತದಲ್ಲಿ, ಮೂರನೆಯದು ಮುಷ್ಟಿಯಲ್ಲಿ. ಪ್ರತಿ ಸಲ ಲತಾಳೋ ನಾನೋ ಬೆರಳು ಬಿಡಿಸಿ ರಟ್ಟು ಇಡುತ್ತಿದ್ದೆವು. ಸತ್ತ ಅಕ್ಕ ನೆನಪಿಗೆ ಬಂದರೆ ಗಳಿಗೆ ಸಮೀಪಿಸಿತು ಎಂದರ್ಥ ಎಂದು ಓಣಿಯ ಹಿರಿಯ ಹೆಂಗಸೊಬ್ಬಳು ಲತಾಳ ಕಿವಿಯಲ್ಲಿ ಹೇಳಿ ಹೋದಳು. ಮನೆಯಲ್ಲಿ ನಾವ್ಯಾರೂ ಜೋರಾಗಿ ಮಾತಾಡದಾದೆವು. ಅವ್ವನನ್ನು ಕಳೆದುಕೊಳ್ಳುವ ದಿನಕ್ಕೆ ನಾವೆಲ್ಲ ಒಳಗೊಳಗೇ ತಯಾರಾಗುತ್ತಿದ್ದೆವು. ಅವಳು ಮಾತ್ರ ನಮ್ಮನ್ನು ಕಂಡರೆ ಕೆಂಡವಾಗುತ್ತಿದ್ದಳು.

ಶ್ರಾವಣ ಕಳೆದು ಹುಬ್ಬಿ ಮಳೆ ಹಿಡಿದಿದ್ದ ಒಂದು ಭಾನುವಾರ. ಮಧ್ಯಾಹ್ನದ ನಿದ್ದೆ ಮುಗಿಸಿ ಅವ್ವ ಎದ್ದು ಕೂತಳು. 'ನಾನು, ಚಹಾ' ಎಂದು ಇಟ್ಟಳು. 'ಕುಡಿ' ಎಂಬ ರಟ್ಟು ಎತ್ತಿ ಮುಷ್ಟಿಯಲ್ಲಿ ಹಿಡಿದಳು. ಲತಾ ಒಲೆಯ ಮುಂದಿದ್ದಳು, ಕೂಡಲೇ ಬರಲಿಲ್ಲ. ನಾನು ಉತ್ತರ ಪತ್ರಿಕೆ ತಿದ್ದುತ್ತ ಅಲ್ಲೇ ಕೂತಿದ್ದೆ, ಬೆರಳು ಬಿಡಿಸಲು ಏಳಲಿಲ್ಲ. ಚಹಾ ಬಂತು. ಅವ್ವ ಬಸಿಯಲ್ಲಿ ಹೊಯ್ದು ಕುಡಿದಳು. ಕುಡಿದಾದ ಮೇಲೆ ಮುಷ್ಟಿ ಬಿಚ್ಚಿ, 'ಕುಡಿ' ರಟ್ಟನ್ನು ಮೆಲ್ಲಗೆ ಪರಾತದಲ್ಲಿ ಇಟ್ಟಳು.

ಕೈ ಸೆಟೆದಿರಲಿಲ್ಲ. ಬಿಚ್ಚಬೇಕೆಂದಾಗ ಬಿಚ್ಚುತ್ತಿತ್ತು.

ಪೆನ್ನು ಕೆಳಗಿಟ್ಟು ಅವಳನ್ನೇ ನೋಡುತ್ತ ಕೂತೆ. ಸಂಜೆ 'ಬಸು, ಮನೆ' ಎಂದು ಇಟ್ಟು 'ಬಾ' ಎಂಬುದನ್ನು ಹಿಡಿದುಕೊಂಡಳು. ಅವನ ಗಾಡಿಯ ಸದ್ದು ಬಾಗಿಲಿಗೆ ಬಂದು ನಿಂತಾಗ ರಟ್ಟು ಕೆಳಗೆ ಬಂತು. ಆಗಿರುವುದು ಪರಾತದಲ್ಲಿ. ಆಗಬೇಕಾದದ್ದು ಕೈಯಲ್ಲಿ. ನಾನು ಬಿಟ್ಟ ಕಾಲವನ್ನು ಅವ್ವ ತಾನೇ ಮಾಡಿಕೊಂಡಿದ್ದಳು, ವಾರಗಟ್ಟಲೆ ಅದನ್ನೇ ಬಳಸುತ್ತಿದ್ದಳು. ನಾವು ಅದನ್ನು ಬೆರಳು ಬೆರಳಾಗಿ ಬಿಡಿಸಿ ಅಳಿಸುತ್ತಿದ್ದೆವು.

ಪರಾತ ಎಳೆದುಕೊಂಡು ಗೋಡೆ ಇಟ್ಟೆ, ಹುಡುಗಿ ಇಟ್ಟೆ, 'ಬೀಳು' ರಟ್ಟನ್ನು ಅವಳ ಅಂಗೈಯಲ್ಲಿ ಇಟ್ಟೆ. ಅವಳು ಮುಷ್ಟಿ ಮುಚ್ಚಿದಳು. ಮುಷ್ಟಿಯನ್ನು ಎತ್ತಿ ಗೋಡೆಗೆ ತೋರಿಸಿದಳು. ಆಮೇಲೆ ಹೊರಸಿನ ಮೇಲೆ ಗೊಂಬೆ ಆಡಿಸುತ್ತ ಕೂತಿದ್ದ ಚಿನ್ನಿಗೆ ತೋರಿಸಿದಳು.

"ಬಸೂ!" ಎಂದು ಕೂಗಿದೆ. "ಗ್ವಾಡಿ ಬಿತ್ತು ಅಂತಲ್ಲೋ, ಬೀಳ್ತೈತಿ ಅಂತ! ಚಿನ್ನಿ ಮ್ಯಾಲ ಬೀಳ್ತೈತಿ ಅಂತ!"

"ಅಕ್ಕಾ, ನಿನ್ನ ಭಾಷಾದ ಹುಚ್ಚಿಗೆ..." ಎಂದವನು ಅವ್ವನ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ಶಾಂತವಾಗಿತ್ತು. ಅವನು ಛತ್ರಿಯನ್ನೂ ತೆಗೆದುಕೊಳ್ಳದೆ ಪಕ್ಕದ ಜಾಗಕ್ಕೆ ಓಡಿದ. ತಿರುಗಿ ಬಂದಾಗ ಮೊಣಕಾಲಿನ ತನಕ ಕೆಸರು.

"ಪಾಯಾದಾಗ ನೀರು ನಿಂತೈತಿ. ನಮ್ಮ ಗ್ವಾಡಿ ಬುಡಾ ಅರ್ಧಾ ಕರಗೇತಿ. ಒಳಗಿಂದ ಏನೂ ಕಾಣವಲ್ಲದು." ಹೊರಸಿನ ಕಾಲು ಹಿಡಿದ. "ಎತ್ತು, ಅವ್ವನ್ನ ಎತ್ತು ಮೊದಲ."

ಅವ್ವನನ್ನು ಹೊರಸು ಸಮೇತ ಪಡಸಾಲೆಗೆ ತಂದೆವು. ಚಿನ್ನಿಯನ್ನು ಮಗ್ಗದ ಆಚೆ ಮಲಗಿಸಿದೆವು. ಬೆಳಗಾದ ಕೂಡಲೇ ಮುಂಡರಗಿ ರಸ್ತೆಯ ಕಡೆ ಬಸುವಿನ ಗೆಳೆಯನ ಖಾಲಿ ಮನೆಗೆ ಹೋಗುವುದೆಂದು ಮಾತಾಯಿತು. ನಡುವಿನ ಖೋಲಿಯ ಬಾಗಿಲು ಎಳೆದು ಚಿಲಕ ಹಾಕಿದೆ.

ಬೆಳಿಗ್ಗೆ ಮಳೆ ನಿಂತಿತ್ತು. ಶ್ರಾವಣದಿಂದ ಕಾಣದ ಬಿಸಿಲು ಓಣಿಗೆ ಬಿದ್ದಿತ್ತು. ಹೆದರಿದ್ದು ಅತಿಯಾಯಿತೇನೋ ಎನ್ನುವಷ್ಟು ಚೆಂದದ ಬಿಸಿಲು. ಬಸು ಆಟೊ ತರಲು ಹೋಗಿದ್ದ. ಲತಾ ಪಾತ್ರೆ ಕಟ್ಟುತ್ತಿದ್ದಳು. ಅವ್ವ ಎದ್ದವಳೇ ಅತ್ತ ಇತ್ತ ತಡಕಾಡಿದಳು. ರಟ್ಟಿನ ಚೀಲ ಗಡಿಬಿಡಿಯಲ್ಲಿ ಒಳಗೇ ಉಳಿದಿತ್ತು.

"ನಾ ತರ್ತೀನಿ ತಡಿ" ಎಂದು ಅಪ್ಪ ಎದ್ದ.

ಅವ್ವ 'ಆಂ' ಎಂದಳು. ಎಡಗೈ ಮುಷ್ಟಿ ಕಟ್ಟಿ ಹೊರಸಿನ ಕಟ್ಟಿಗೆಗೆ ಬಡಿದಳು. ಮತ್ತೆ ಬಡಿದಳು.

"ಹೂಂ, ಅದನ್ನ ತರಾಕ ಹೊಂಟೀನಿ" ಎಂದ ಅಪ್ಪ. ಜೀವಮಾನದಲ್ಲಿ ಅವಳ ಮಾತಿಗೆ ಅಷ್ಟು ಜಲ್ದಿ ಅವನು ಉತ್ತರ ಕೊಟ್ಟದ್ದು ನಾನು ಕೇಳಿರಲಿಲ್ಲ. "ಹೊರಗಿಂದನ ಕೈ ಚಾಚಿ ತಗೋ ಅಪ್ಪಾ" ಎಂದು ನಾನೂ ಎದ್ದೆ. ಅವನು ಚಿಲಕ ತೆಗೆದು ಒಳಗೆ ಹೋಗಿಯಾಗಿತ್ತು. ಗೂಟಕ್ಕೆ ತೂಗಿದ್ದ ಚೀಲ ಹಿಡಿದು ಹೊಸ್ತಿಲಿನ ತನಕ ಬಂದಿದ್ದ.

ದೊಡ್ಡ ಸದ್ದೇನೂ ಆಗಲಿಲ್ಲ. ಗೋಧಿಯ ಚೀಲ ಜಾರಿ ಬಿದ್ದ ಹಾಗೆ. ಆಮೇಲೆ ಧೂಳಿಲ್ಲ, ಬರೀ ಹಸಿಮಣ್ಣು, ಮುರಿದ ತೊಲೆ, ಮೇಲಿನಿಂದ ಒಳಗೆ ಬಿದ್ದ ಬಿಸಿಲು. ಚಿನ್ನಿ ಮಲಗುತ್ತಿದ್ದ ಜಾಗದ ಮೇಲೆ ಆಳೆತ್ತರ ಮಣ್ಣು. ಅಪ್ಪ ಹೊಸ್ತಿಲಿನಿಂದೀಚೆ ಬೋರಲು ಬಿದ್ದಿದ್ದ, ಕಾಲುಗಳು ಒಳಗಿದ್ದವು. ಓಣಿಯವರು ಓಡಿ ಬಂದು ಕೈಯಿಂದಲೇ ಮಣ್ಣು ಬಗೆದರು. ಅವನು ಚೀರಲಿಲ್ಲ. ರಟ್ಟಿನ ಚೀಲವನ್ನು ನನ್ನ ಕಡೆ ಚಾಚಿ, "ಕೊಡು ಆಕಿಗೆ" ಎಂದ.

ಜೀವಕ್ಕೆ ಏನೂ ಆಗಲಿಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಪುಡಿಯಾಗಿತ್ತು. ಸರಳು ಹಾಕಿ ಕೂಡಿಸಿದರು. ಕೋಲು ಹಿಡಿದು ನಡೆಯಬಹುದು, ಮಗ್ಗದ ಕುಣಿಗೆ ಇಳಿದು ತುಳಿಯುವುದು ಇನ್ನಿಲ್ಲ ಎಂದರು.

ಗದಗಿನಲ್ಲಿ ಬಾಡಿಗೆ ಮನೆ ಹಿಡಿದೆವು, ಸಿಮೆಂಟಿನದು. ಅಪ್ಪ ಅವ್ವನ ಹೊರಸುಗಳನ್ನು ಅಕ್ಕಪಕ್ಕ ಹಾಕಿದೆವು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು: ಮಾತು ಹೋದ ಮೇಲೆ ಆ ತಾಯಿಗೆ ಮುಂದಿನದು ಕಾಣುತ್ತದೆ. ಒಬ್ಬಳು ಕಾಯಿ, ಕುಂಕುಮ ಹಿಡಿದು ಶಿರಹಟ್ಟಿಯಿಂದ ಬಂದಳು. ಅವಳ ಗಂಡ ಮನೆಬಿಟ್ಟು ಹೋಗಿದ್ದ. "ಬರ್ತಾನೋ ಇಲ್ಲೋ, ಒಂದ ಮಾತ ನುಡಿಸ್ರಿ ಟೀಚರ" ಎಂದು ನನ್ನ ಕಾಲು ಹಿಡಿಯಲು ಬಂದಳು. ಉದುರುವ ಮಣ್ಣು ಕಂಡು ಹೇಳಿದ್ದಷ್ಟೇ ಎಂದು ನಾನು ಎಷ್ಟು ತಿಳಿಸಿ ಹೇಳಿದರೂ ಕೇಳಲಿಲ್ಲ. ಅವ್ವ ಅವಳನ್ನು ಬಹಳ ಹೊತ್ತು ನೋಡಿದಳು. ಪರಾತವನ್ನು ಎತ್ತಿ ಬೋರಲು ಹಾಕಿದಳು. ಅಷ್ಟೂ ರಟ್ಟು ನೆಲದ ಮೇಲೆ ಚೆಲ್ಲಿದವು. ಆ ಹೆಂಗಸು ಅದನ್ನೇ ಉತ್ತರವೆಂದು ತಿಳಿದು, ಬಾಯಿಗೆ ಸೆರಗು ಒತ್ತಿಕೊಂಡು ಹೊರಟುಹೋದಳು. ಅವಳನ್ನು ತಿರುಗಿ ಕರೆಯಲು ಓಡಿದೆ. ಸಿಗಲಿಲ್ಲ. ಆಮೇಲೆ ನಾನು ಯಾವ ಭಾಷೆಯನ್ನೂ ಕಟ್ಟಲಿಲ್ಲ.

ಅವ್ವ ಬಹಳ ದಿನ ಉಳಿಯಲಿಲ್ಲ. ಸಂಕ್ರಮಣಕ್ಕೆ ಮುಂಚೆ ಇನ್ನೊಮ್ಮೆ ಲಕ್ವಾ ಹೊಡೆದು ಹೋದಳು. ಅದಕ್ಕೆ ಹಿಂದಿನ ಚಳಿಯ ದಿನಗಳಲ್ಲಿ ಅಪ್ಪ ಒಂದು ಬೆಳಿಗ್ಗೆ, "ನನಗೂ ಕಲಿಸು" ಎಂದಿದ್ದ. ದಿನವಿಡೀ ಮಾಡಲು ಕೆಲಸವಿಲ್ಲದ ಮನುಷ್ಯ. ಒಂದನೇ ತರಗತಿಯವರ ಹಾಗೆ ಬೆರಳಿಟ್ಟು ಓದುತ್ತಿದ್ದ.

ಒಂದು ಮಧ್ಯಾಹ್ನ ಅವ್ವ ಅವನ ರಟ್ಟು ಇಟ್ಟಳು, ಪಕ್ಕದಲ್ಲಿ ಖೋಲಿಯದು. 'ಹೋಗು' ಎಂಬುದನ್ನು ಬೋರಲು ಹಾಕಿದಳು.

"ನಾನು... ಖೋಲಿಗೆ... ಹೋಗಲಿಲ್ಲ" ಎಂದು ಓದಿದ ಅಪ್ಪ. "ಹೋಗಿದ್ನಲ್ಲಾ. ಹೋಗಿ ಕಾಲು ಮುರ್ಕೊಂಡು ಕುಂತೀನಲ್ಲಾ."

ಅವ್ವ ತಲೆ ಅಲ್ಲಾಡಿಸಿದಳು. ಬೋರಲು ಬಿದ್ದ ರಟ್ಟನ್ನು ಹಾಗೆಯೇ ಎತ್ತಿ ಮುಷ್ಟಿಯಲ್ಲಿ ಮುಚ್ಚಿದಳು. ಆ ಮುಷ್ಟಿಯಿಂದ ಹೊರಸಿನ ಕಟ್ಟಿಗೆಯನ್ನು ಬಡಿದಳು. ಮತ್ತೆ ಬಡಿದಳು.

ನನಗೆ ತಿಳಿಯಿತು. ಹೇಳಲು ಬಾಯಿ ತೆರೆದೆ, ಅಪ್ಪ ಕೈ ಎತ್ತಿ ತಡೆದ. ಅವನೇ ಓದುತ್ತಿದ್ದ. ಪರಾತ ನೋಡಿ, ಮುಷ್ಟಿ ನೋಡಿ, ಮತ್ತೆ ಪರಾತ ನೋಡಿ.

"ಹೋಗಬ್ಯಾಡ ಅಂದಿದ್ದಿ" ಎಂದ ಕೊನೆಗೆ. "ಅವತ್ತು."

ಅವ್ವ ಕಣ್ಣು ಮುಚ್ಚಿ ತೆರೆದಳು.

"ನನಗ ಓದಾಕ ಬರ್ತಿರಲಿಲ್ಲ" ಎಂದ ಅಪ್ಪ. ತನ್ನ ಹೊರಸಿನಿಂದ ಕೈ ಚಾಚಿ ಅಂಗೈ ತೆರೆದು ಅವಳ ಮುಂದೆ ಹಿಡಿದ. "ಆತು ಬಿಡು. ಇನ್ನ ಎಲ್ಲೂ ಹೋಗಂಗಿಲ್ಲ."

ಅವ್ವ ಮುಷ್ಟಿ ಬಿಚ್ಚಿ ರಟ್ಟನ್ನು ಅವನ ಅಂಗೈಯ ಮೇಲೆ ಇಟ್ಟಳು.